ಹೈಬರ್ನೇಟ್ ಆದ ಲ್ಯಾಪ್‌ಟಾಪ್ ಆನ್ ಮಾಡಿದರೆ ಹೊಸದಾಗಿ ಬೂಟ್ ಆಗುತ್ತದೆ, ತೆರೆದಿಟ್ಟ ಕೆಲಸವೆಲ್ಲ ಮಾಯ (ಡೆಬಿಯನ್ 12, ಹೊಸ ಎಸ್‌ಎಸ್‌ಡಿ)

ಮಲೆನಾಡಮಳೆ

ಎಲ್ಲರಿಗೂ ನಮಸ್ಕಾರ. ನಾನು ಸಿರ್ಸಿ ಹತ್ತಿರದ ಹಳ್ಳಿಯಲ್ಲಿ ಮನೆಯಲ್ಲೇ ಕೂತು ಪುಸ್ತಕಗಳ ಕರಡು ತಿದ್ದುವ ಕೆಲಸ ಮಾಡುತ್ತೇನೆ. ಮಳೆಗಾಲದಲ್ಲಿ ಇಲ್ಲಿ ಕರೆಂಟ್ ಯಾವಾಗ ಹೋಗುತ್ತದೆ, ಯಾವಾಗ ಬರುತ್ತದೆ ಹೇಳುವ ಹಾಗಿಲ್ಲ. ಲ್ಯಾಪ್‌ಟಾಪ್ ಬ್ಯಾಟರಿ ಹಳೆಯದು, ಹತ್ತು ನಿಮಿಷ ತಡೆದರೆ ಹೆಚ್ಚು. ಹಾಗಾಗಿ ಕರೆಂಟ್ ಹೋದ ಕೂಡಲೇ ಹೈಬರ್ನೇಟ್ (ತೆರೆದ ಕೆಲಸವನ್ನೆಲ್ಲ ಡಿಸ್ಕಿಗೆ ಉಳಿಸಿ ಆಫ್ ಆಗುವುದು) ಮಾಡಿಬಿಡುತ್ತೇನೆ. ವರ್ಷಗಟ್ಟಲೆ ಇದು ಚೆನ್ನಾಗಿಯೇ ನಡೆದಿತ್ತು.

ಈಚೆಗೆ ಹಾರ್ಡ್ ಡಿಸ್ಕ್ ತೆಗೆಸಿ ಎಸ್‌ಎಸ್‌ಡಿ ಹಾಕಿಸಿದೆ. ರ‍್ಯಾಮ್ 4 ಜಿಬಿ ಇದ್ದದ್ದು 8 ಆಯಿತು. ಅಂಗಡಿಯವರು ಹಳೆಯ ಡಿಸ್ಕಿನಲ್ಲಿದ್ದ ಡೆಬಿಯನ್ ಲಿನಕ್ಸನ್ನು ಹಾಗೇ ಹೊಸದಕ್ಕೆ ಇಳಿಸಿ, ಸ್ವಾಪ್ ಪಾರ್ಟಿಶನ್ (ಮೆಮೊರಿಯಲ್ಲಿ ಹಿಡಿಸದ್ದನ್ನು ಇಡುವ ಡಿಸ್ಕಿನ ಭಾಗ) ಮಾತ್ರ ದೊಡ್ಡದಾಗಿ ಹೊಸದು ಮಾಡಿಕೊಟ್ಟರು.

ಆವತ್ತಿನಿಂದ ಹೀಗೆ: ಹೈಬರ್ನೇಟ್ ಒತ್ತಿದರೆ ಡಿಸ್ಕ್ ದೀಪ ಮಿನುಗುತ್ತದೆ, ಮಷಿನ್ ಆಫ್ ಆಗುತ್ತದೆ. ಆನ್ ಮಾಡಿದರೆ ಕಪ್ಪು ಪರದೆಯಲ್ಲಿ ಅರ್ಧ ನಿಮಿಷ ಸುಮ್ನೆ ನಿಂತಿರುತ್ತದೆ. ಆಮೇಲೆ ನೇರ ಲಾಗಿನ್ ಪುಟ. ತೆರೆದಿಟ್ಟ ಒಂದು ಫೈಲೂ ಇರುವುದಿಲ್ಲ. ಆ ಕಪ್ಪು ಪರದೆಯಲ್ಲಿ ಒಂದು ಸಾಲು ಕಾಣುತ್ತದೆ: "ಗೇವ್ ಅಪ್ ವೇಟಿಂಗ್ ಫಾರ್ ಸಸ್ಪೆಂಡ್/ರೆಸ್ಯೂಮ್ ಡಿವೈಸ್".

ಮಷಿನ್‌ನಲ್ಲಿ ಬೇರೆ ಓಎಸ್ ಇಲ್ಲ, ಡೆಬಿಯನ್ ಒಂದೇ. ಫೋನಿನಿಂದ ಬರೆಯುತ್ತಿದ್ದೇನೆ, ಕಮಾಂಡುಗಳು ಕನ್ನಡದಲ್ಲೇ ಇರುತ್ತವೆ. ದಯವಿಟ್ಟು ನೀವೂ ಹಾಗೇ ಬರೆಯಿರಿ, ಅಲ್ಲಿ ಕೂತು ಟೈಪ್ ಮಾಡಿಕೊಳ್ಳುತ್ತೇನೆ.

ಕಡಲತೀರ

ಎಸ್‌ಎಸ್‌ಡಿ ಹಾಕಿಸಿದ ಮೇಲೆ ಹೈಬರ್ನೇಟ್ ಯಾಕೆ ಬೇಕು ಅಕ್ಕ? ಸೇವ್ ಮಾಡಿ ಶಟ್ ಡೌನ್ ಮಾಡಿ. ಮತ್ತೆ ಆನ್ ಆಗಲು ಹೆಚ್ಚು ಹೊತ್ತು ಬೇಡ. ದಿನಾ ಅಷ್ಟೊಂದು ಜಿಬಿ ಬರೆದರೆ ಎಸ್‌ಎಸ್‌ಡಿ ಬೇಗ ಸವೆಯುತ್ತದೆ ಅಂತಲೂ ಕೇಳಿದ್ದೇನೆ.

ಮಲೆನಾಡಮಳೆ

ಬೂಟ್ ಆಗುವ ಹೊತ್ತಿನ ಚಿಂತೆ ನನಗಿಲ್ಲ. ಒಂದು ಪುಸ್ತಕದ ಕರಡು ಅಂದರೆ ಲೇಖಕರ ಹಸ್ತಪ್ರತಿಯ ಪಿಡಿಎಫ್ ಒಂದು ಪುಟದಲ್ಲಿ, ಅಕ್ಷರ ಜೋಡಿಸಿದ ಪಿಡಿಎಫ್ ಇನ್ನೊಂದು ಪುಟದಲ್ಲಿ, ಪಕ್ಕದಲ್ಲಿ ಪದಪಟ್ಟಿಯ ಫೈಲ್, ಜೊತೆಗೆ ನಿಘಂಟಿನ ಟ್ಯಾಬುಗಳು. ಎಲ್ಲವೂ ಒಂದೊಂದು ಜಾಗದಲ್ಲಿ ನಿಂತಿರುತ್ತವೆ. ಶಟ್ ಡೌನ್ ಮಾಡಿದರೆ ಅದನ್ನೆಲ್ಲ ಮತ್ತೆ ಜೋಡಿಸಿಕೊಳ್ಳಬೇಕು. ಕರೆಂಟ್ ದಿನಕ್ಕೆ ನಾಲ್ಕು ಸಲ ಹೋದರೆ ನಾಲ್ಕು ಸಲವೂ ಅದೇ ಕೆಲಸ.

ಟರ್ಮಿನಲ್‌ಮೇಷ್ಟ್ರು

ಮೇಡಂ, ನೀವು ಬರೆದ ಆ ಒಂದು ಸಾಲಿನಲ್ಲಿ ಉತ್ತರದ ಮುಕ್ಕಾಲು ಭಾಗ ಇದೆ.

ಹೈಬರ್ನೇಟ್ ಅಂದರೆ ಎರಡು ಬೇರೆ ಬೇರೆ ಕೆಲಸ. ಮೊದಲನೆಯದು, ರ‍್ಯಾಮಿನಲ್ಲಿದ್ದದ್ದನ್ನು ಇಮೇಜ್ ಮಾಡಿ ಸ್ವಾಪ್‌ಗೆ ಬರೆದು ಆಫ್ ಆಗುವುದು. ಎರಡನೆಯದು, ಆನ್ ಆದಾಗ ಆ ಇಮೇಜ್ ಎಲ್ಲಿದೆ ಅಂತ ಹುಡುಕಿ ವಾಪಸ್ ರ‍್ಯಾಮಿಗೆ ತುಂಬುವುದು. ಕೆಟ್ಟಿರುವುದು ಬರೆಯುವ ಭಾಗವೋ ಓದುವ ಭಾಗವೋ ಅಂತ ಮೊದಲು ಗೊತ್ತಾಗಬೇಕು. ಅದು ಗೊತ್ತಾಗದೆ ಸಿಕ್ಕಸಿಕ್ಕ ಕಮಾಂಡ್ ಹಾಕುತ್ತಾ ಹೋದರೆ ಸರಿಯಾಗಿದ್ದ ಭಾಗವೂ ಹಾಳಾಗುತ್ತದೆ. ಹೈಬರ್ನೇಟ್ ಕೈಕೊಟ್ಟಿತು ಅಂತ ಬರುವವರಲ್ಲಿ ಹೆಚ್ಚಿನವರು ಅಷ್ಟರಲ್ಲಾಗಲೇ ಬಯಾಸ್ ಅಪ್‌ಡೇಟ್ ಮಾಡಿ, ಕರ್ನಲ್ (ಓಎಸ್‌ನ ತಿರುಳು) ಬದಲಿಸಿ, ಗ್ರಬ್ (ಬೂಟ್ ಶುರುಮಾಡುವ ಪ್ರೋಗ್ರಾಂ) ತಿದ್ದಿ ಬಂದಿರುತ್ತಾರೆ. ನೀವು ಏನೂ ಮುಟ್ಟಿಲ್ಲ, ಅದೇ ಒಳ್ಳೆಯದಾಯಿತು.

ನಿಮ್ಮ ಮಷಿನ್‌ನಲ್ಲಿ ಬರೆಯುವುದು ಸರಿ ಇದೆ, ಹುಡುಕುವುದು ತಪ್ಪಿದೆ ಅಂತ ನನ್ನ ಅಂದಾಜು. ಯಾಕೆ ಅಂದರೆ, ಡೆಬಿಯನ್ ಬೂಟ್ ಆಗುವಾಗ ಇನಿಟ್‌ರಾಮ್‌ಎಫ್‌ಎಸ್ ಎಂಬ ಪುಟ್ಟ ವ್ಯವಸ್ಥೆ ಮೊದಲು ರ‍್ಯಾಮಿಗೆ ಬರುತ್ತದೆ. ರೂಟ್ ಫೈಲ್‌ಸಿಸ್ಟಮ್ ಮೌಂಟ್ ಆಗುವ, ಅಂದರೆ ಡಿಸ್ಕಿನಲ್ಲಿರುವ ಓಎಸ್ ಫೈಲುಗಳು ತೆರೆಯುವ, ಮೊದಲೇ "ನನ್ನ ಸ್ವಾಪ್ ಎಲ್ಲಿ, ಅದರಲ್ಲಿ ಇಮೇಜ್ ಇದೆಯಾ" ಅಂತ ನೋಡುವುದು ಅದರ ಜವಾಬ್ದಾರಿ. ಸ್ವಾಪ್‌ನ ವಿಳಾಸ ಯುಯುಐಡಿ ಎಂಬ ಉದ್ದನೆಯ ಸಂಖ್ಯೆಯಾಗಿ ಅದರೊಳಗೆ ಇರುತ್ತದೆ. ಅಂಗಡಿಯವರು ಸ್ವಾಪ್ ಹೊಸದಾಗಿ ಫಾರ್ಮ್ಯಾಟ್ ಮಾಡಿದಾಗ ಆ ಸಂಖ್ಯೆ ಬದಲಾಗಿದೆ. ಇನಿಟ್‌ರಾಮ್‌ಎಫ್‌ಎಸ್ ಇನ್ನೂ ಹಳೆಯ ಸಂಖ್ಯೆಗೆ ಕಾಯುತ್ತಿದೆ. 30 ಸೆಕೆಂಡು ನೋಡುತ್ತದೆ, ಸಿಗುವುದಿಲ್ಲ, ಕೈಬಿಟ್ಟು ಮಾಮೂಲಿ ಬೂಟ್ ಮಾಡುತ್ತದೆ. ನಿಮಗೆ ಕಾಣುತ್ತಿರುವ ಅರ್ಧ ನಿಮಿಷ ಅದೇ.

ಅಂದಾಜಿನ ಮೇಲೆ ಏನನ್ನೂ ತಿದ್ದುವುದು ಬೇಡ, ಮೊದಲು ಪುರಾವೆ ನೋಡೋಣ. ಇನ್ನೊಮ್ಮೆ ಹೈಬರ್ನೇಟ್ ಮಾಡಿ ಆನ್ ಮಾಡಿ. ಲಾಗಿನ್ ಆದ ಮೇಲೆ ಟರ್ಮಿನಲ್‌ನಲ್ಲಿ ಸುಡೋ ಜರ್ನಲ್‌ಸಿಟಿಎಲ್ ಹೈಫನ್ ಬಿ ಹಾಕಿ, ಅದರಲ್ಲಿ ಸ್ವಾಪ್‌ಆನ್ ಎಂಬ ಪದ ಹುಡುಕಿ. ಬಂದ ಸಾಲನ್ನು ಇಲ್ಲಿ ಬರೆಯಿರಿ.

ಆಮೇಲೆ ಎರಡು ಸಂಖ್ಯೆ ಬೇಕು. ಎಲ್‌ಎಸ್‌ಬಿಎಲ್‌ಕೆ ಹೈಫನ್ ಎಫ್ ಹಾಕಿದರೆ ಸ್ವಾಪ್‌ನ ಈಗಿನ ಯುಯುಐಡಿ ಕಾಣುತ್ತದೆ. ಇಟಿಸಿ ಫೋಲ್ಡರ್ ಒಳಗೆ ಇನಿಟ್‌ರಾಮ್‌ಎಫ್‌ಎಸ್ ಹೈಫನ್ ಟೂಲ್ಸ್, ಅದರೊಳಗೆ ಕಾನ್ಫ್ ಡಾಟ್ ಡಿ, ಅದರೊಳಗೆ ರೆಸ್ಯೂಮ್ ಎಂಬ ಪುಟ್ಟ ಫೈಲ್ ಇದೆ. ಅದರಲ್ಲಿರುವ ಯುಯುಐಡಿ ಏನು ನೋಡಿ. ಎರಡರದ್ದೂ ಮೊದಲ ಮೂರು ಅಕ್ಷರ ಹೇಳಿದರೆ ಸಾಕು.

ಹಳೇಮದರ್‌ಬೋರ್ಡ್

ಮೇಷ್ಟ್ರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಎಸ್‌ಎಸ್‌ಡಿ ಸವೆಯುತ್ತದೆ ಎಂಬ ಭಯ ಬೇಡ ಕಡಲತೀರ ಅವರೇ, ಲೆಕ್ಕ ಹಾಕಿ ನೋಡಿ. 8 ಜಿಬಿ ರ‍್ಯಾಮ್ ಇದ್ದರೆ ಕರ್ನಲ್ ಇಮೇಜನ್ನು ರ‍್ಯಾಮಿನ ಐದರಲ್ಲಿ ಎರಡು ಪಾಲಿಗೆ ಇಳಿಸಲು ನೋಡುತ್ತದೆ. ಅಂದರೆ ಸುಮಾರು 3.2 ಜಿಬಿ. ಅದನ್ನೂ ಒತ್ತಿ ಚಿಕ್ಕದು ಮಾಡಿ ಬರೆಯುತ್ತದೆ. ದಿನಕ್ಕೆ ನಾಲ್ಕು ಸಲ 3 ಜಿಬಿ ಅಂತಲೇ ಹಿಡಿಯೋಣ. 12 ಜಿಬಿ. ವರ್ಷಕ್ಕೆ 4.4 ಟಿಬಿ ಹತ್ತಿರ. 250 ಜಿಬಿಯ ಸಾಧಾರಣ ಎಸ್‌ಎಸ್‌ಡಿಗಳಲ್ಲಿ 150 ಟಿಬಿ ಬರೆಯುವವರೆಗೆ ಗ್ಯಾರಂಟಿ ಇರುವವು ಇವೆ. ಅಂಥದ್ದಾದರೆ ಮೂವತ್ತು ವರ್ಷ ಆಯಿತು. ಅಷ್ಟರಲ್ಲಿ ಲ್ಯಾಪ್‌ಟಾಪಿನ ಉಳಿದ ಭಾಗ ಇರುತ್ತದಾ?

ಕಡಲತೀರ

ಸರಿ ಮಾರಾಯ್ರೆ, ಒಪ್ಪಿದೆ. ಹಾಗಾದರೆ ನನ್ನದೂ ಒಂದು ಪ್ರಶ್ನೆ ಇದೆ. ನನ್ನ ಮಷಿನ್‌ನಲ್ಲಿ ವಿಂಡೋಸ್ 10 ಮತ್ತು ಲಿನಕ್ಸ್ ಎರಡೂ ಇವೆ. ಫೋಟೋ ಎಲ್ಲ ಇರುವ ಡಿ ಡ್ರೈವ್ ಎರಡಕ್ಕೂ ಸೇರಿದ್ದು. ಲಿನಕ್ಸ್ ಹೈಬರ್ನೇಟ್ ಮಾಡಿ, ವಿಂಡೋಸ್ ಹೋಗಿ, ವಾಪಸ್ ಲಿನಕ್ಸ್‌ಗೆ ಬರಬಹುದಾ?

ಟರ್ಮಿನಲ್‌ಮೇಷ್ಟ್ರು

ಬೇಡ. ದಯವಿಟ್ಟು ಬೇಡ. ಈ ಇಡೀ ಚರ್ಚೆಯಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ.

ಹೈಬರ್ನೇಟ್ ಆದ ಲಿನಕ್ಸ್‌ನ ಇಮೇಜಿನೊಳಗೆ ಆ ಡಿ ಡ್ರೈವ್‌ನ ಸ್ಥಿತಿಯೂ ಇರುತ್ತದೆ: ಯಾವ ಫೈಲ್ ಎಲ್ಲಿದೆ, ಯಾವ ಜಾಗ ಖಾಲಿ ಇದೆ, ಇನ್ನೂ ಏನು ಬರೆಯುವುದು ಬಾಕಿ ಇದೆ. ಈ ಮಧ್ಯೆ ವಿಂಡೋಸ್ ಬಂದು ಅದೇ ಡ್ರೈವ್‌ನಲ್ಲಿ ಫೈಲ್ ಸೇರಿಸುತ್ತದೆ, ಅಳಿಸುತ್ತದೆ. ಲಿನಕ್ಸ್ ಎದ್ದಾಗ ಅದಕ್ಕೆ ಇದು ಗೊತ್ತೇ ಇರುವುದಿಲ್ಲ. ಖಾಲಿ ಅಂದುಕೊಂಡ ಜಾಗಕ್ಕೆ ಬರೆಯುತ್ತದೆ. ಅಲ್ಲಿ ನಿಮ್ಮ ಹೊಸ ಫೋಟೋ ಇರುತ್ತದೆ. ಹೀಗೆ ಹಾಳಾದದ್ದನ್ನು ಸರಿಯಾಗಿ ವಾಪಸ್ ತರುವುದು ಬಹಳ ಕಷ್ಟ. ಲಿನಕ್ಸ್ ಕರ್ನಲ್‌ನ ದಾಖಲೆಯಲ್ಲೇ ಇದರ ಬಗ್ಗೆ ದೊಡ್ಡ ಅಕ್ಷರದ ಎಚ್ಚರಿಕೆ ಇದೆ. ಮಲಗಿಸಿದ ಮೇಲೆ ಏಳಿಸುವ ತನಕ ಡಿಸ್ಕ್ ಮುಟ್ಟಬಾರದು.

ಲೈವ್ ಯುಎಸ್‌ಬಿ (ಪೆನ್ ಡ್ರೈವ್‌ನಿಂದಲೇ ಓಡುವ ಓಎಸ್) ಹಾಕಿ ಹೈಬರ್ನೇಟ್ ಆದ ಡಿಸ್ಕನ್ನು ಮೌಂಟ್ ಮಾಡುವುದೂ ಇದೇ ತಪ್ಪು. ಮಲೆನಾಡಮಳೆ ಮೇಡಂ, ನಿಮಗೂ ಇದು ಅನ್ವಯ. ಮಷಿನ್ ಎದ್ದಿಲ್ಲ ಅಂತ ಪೆನ್ ಡ್ರೈವ್ ಹಾಕಿ ಫೈಲ್ ಕಾಪಿ ಮಾಡಿಕೊಂಡು, ಆಮೇಲೆ ಅದೇ ಇಮೇಜಿನಿಂದ ಏಳಿಸಲು ಹೋಗಬೇಡಿ.

ವಿಂಡೋಸ್ ಕಡೆಯಿಂದಲೂ ಇದೇ ತೊಂದರೆ ಇದೆ, ಅಲ್ಲಿ ಅದು ಕಣ್ಣಿಗೆ ಬೀಳುವುದಿಲ್ಲ ಅಷ್ಟೆ. ವಿಂಡೋಸ್ 8ರಿಂದ ಫಾಸ್ಟ್ ಸ್ಟಾರ್ಟಪ್ ಬಂದಿದೆ. ಅದು ಆನ್ ಇದ್ದರೆ ನೀವು ಶಟ್ ಡೌನ್ ಒತ್ತಿದಾಗಲೂ ವಿಂಡೋಸ್ ಕರ್ನಲ್ ಅರ್ಧ ಹೈಬರ್ನೇಟ್ ಆಗಿರುತ್ತದೆ. ಲಿನಕ್ಸ್ ಡಿ ಡ್ರೈವ್ ತೆರೆಯಲು ಹೋದಾಗ "ವಿಂಡೋಸ್ ಹೈಬರ್ನೇಟ್ ಆಗಿದೆ" ಅಂತ ಬರೆಯಲು ನಿರಾಕರಿಸುವುದು ಅದಕ್ಕೇ. ಅದನ್ನು ಬಲವಂತವಾಗಿ ತೆರೆಯಬೇಡಿ. ವಿಂಡೋಸ್‌ಗೆ ಹೋಗಿ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ. ಅಡ್ಮಿನ್ ಕಮಾಂಡ್ ಪ್ರಾಂಪ್ಟ್‌ನಲ್ಲಿ ಪವರ್‌ಸಿಎಫ್‌ಜಿ, ಸ್ಲ್ಯಾಶ್ ಎಚ್, ಆಫ್ ಅಂತ ಹಾಕಿದರೆ ಹೈಬರ್ನೇಶನ್ ಫೈಲೂ ಹೋಗುತ್ತದೆ, ಫಾಸ್ಟ್ ಸ್ಟಾರ್ಟಪ್ಪೂ ಹೋಗುತ್ತದೆ.

ಮಲೆನಾಡಮಳೆ

ಮೇಷ್ಟ್ರೇ, ನೋಡಿದೆ. ಜರ್ನಲ್‌ನಲ್ಲಿ ಸಿಕ್ಕ ಸಾಲು: "ಸಾಫ್ಟ್‌ವೇರ್ ಸಸ್ಪೆಂಡ್ ಡೇಟಾ ಡಿಟೆಕ್ಟೆಡ್. ರೀರೈಟಿಂಗ್ ದಿ ಸ್ವಾಪ್ ಸಿಗ್ನೇಚರ್".

ಈಗಿನ ಸ್ವಾಪ್ 91ಸಿ ಅಂತ ಶುರುವಾಗುತ್ತದೆ. ರೆಸ್ಯೂಮ್ ಫೈಲಿನಲ್ಲಿರುವುದು 7ಇ3. ಎಫ್‌ಎಸ್‌ಟ್ಯಾಬ್ (ಬೂಟ್ ಆದಾಗ ಯಾವ ಪಾರ್ಟಿಶನ್ ತೆರೆಯಬೇಕು ಎಂಬ ಪಟ್ಟಿ) ಫೈಲಿನಲ್ಲಿ ನೋಡಿದರೆ ಅಲ್ಲಿ 91ಸಿ ಇದೆ, ಅಂದರೆ ಅದನ್ನು ಮಾತ್ರ ಬದಲಿಸಿದ್ದಾರೆ.

ಟರ್ಮಿನಲ್‌ಮೇಷ್ಟ್ರು

ಇದಕ್ಕಿಂತ ಸ್ಪಷ್ಟ ಪುರಾವೆ ಬೇಡ.

ಆ ಜರ್ನಲ್ ಸಾಲಿನ ಅರ್ಥ ಹೇಳುತ್ತೇನೆ. ಹೈಬರ್ನೇಟ್ ಆದಾಗ ಕರ್ನಲ್ ಸ್ವಾಪ್‌ನ ತಲೆಯಲ್ಲಿ "ಇಲ್ಲಿ ಇಮೇಜ್ ಇದೆ" ಎಂಬ ಗುರುತು ಹಾಕುತ್ತದೆ. ನಿಮ್ಮದರಲ್ಲಿ ಆ ಗುರುತು ಬಿದ್ದಿದೆ. ಅಂದರೆ ಬರೆಯುವ ಕೆಲಸ ಕೊನೆಯವರೆಗೂ ಸರಿಯಾಗಿ ನಡೆದಿದೆ. ಬೂಟ್ ಆದಾಗ ಇನಿಟ್‌ರಾಮ್‌ಎಫ್‌ಎಸ್ 7ಇ3 ಹುಡುಕಿ ಸೋತಿತು, ಮಾಮೂಲಿ ಬೂಟ್ ಮುಂದುವರಿಯಿತು. ಆಮೇಲೆ ಎಫ್‌ಎಸ್‌ಟ್ಯಾಬ್ ಪ್ರಕಾರ ಸ್ವಾಪ್‌ಆನ್ (ಸ್ವಾಪ್ ಚಾಲೂ ಮಾಡುವ ಕಮಾಂಡ್) ಬಂದು 91ಸಿ ತೆರೆಯಿತು, ಗುರುತು ಕಂಡಿತು, ಅದನ್ನು ಅಳಿಸಿ ಮಾಮೂಲಿ ಸ್ವಾಪ್ ಮಾಡಿತು. ನಿಮ್ಮ ತೆರೆದ ಫೈಲುಗಳು ಅಲ್ಲಿಯವರೆಗೂ ಡಿಸ್ಕಿನಲ್ಲೇ ಇದ್ದವು.

ಸರಿಪಡಿಸುವುದು ಸುಲಭ. ಆ ರೆಸ್ಯೂಮ್ ಫೈಲನ್ನು ಸುಡೋ ನ್ಯಾನೋದಲ್ಲಿ ತೆರೆದು 7ಇ3 ಇರುವ ಇಡೀ ಸಂಖ್ಯೆ ತೆಗೆದು 91ಸಿಯ ಇಡೀ ಸಂಖ್ಯೆ ಹಾಕಿ. ಟೈಪ್ ಮಾಡಬೇಡಿ, ಎಲ್‌ಎಸ್‌ಬಿಎಲ್‌ಕೆ ತೋರಿಸಿದ್ದನ್ನು ಕಾಪಿ ಮಾಡಿ. ಸೇವ್ ಮಾಡಿ. ಆಮೇಲೆ ಸುಡೋ ಅಪ್‌ಡೇಟ್ ಹೈಫನ್ ಇನಿಟ್‌ರಾಮ್‌ಎಫ್‌ಎಸ್, ಹೈಫನ್ ಯು, ಹೈಫನ್ ಕೆ ಆಲ್. ಈ ಎರಡನೇ ಕಮಾಂಡ್ ಬಿಡಬೇಡಿ. ಫೈಲ್ ತಿದ್ದಿದ ಮಾತ್ರಕ್ಕೆ ಏನೂ ಬದಲಾಗುವುದಿಲ್ಲ, ಬೂಟ್ ಆಗುವಾಗ ಬಳಕೆಯಾಗುವುದು ಒಳಗೆ ಕಟ್ಟಿಟ್ಟ ಪ್ರತಿ. ಸಂಖ್ಯೆ ಹೊಂದದಿದ್ದರೆ ಅದೇ ಕಮಾಂಡ್ "ನೋ ಮ್ಯಾಚಿಂಗ್ ಸ್ವಾಪ್ ಡಿವೈಸ್" ಅಂತ ಎಚ್ಚರಿಸುತ್ತದೆ. ಏನೂ ಎಚ್ಚರಿಕೆ ಬರದಿದ್ದರೆ ಸರಿ.

ಗ್ರಬ್‌ನ ಸೆಟ್ಟಿಂಗ್‌ನಲ್ಲಿ ರೆಸ್ಯೂಮ್ ಇಕ್ವಲ್ ಟು ಅಂತ ಯಾರಾದರೂ ಬರೆದಿದ್ದರೆ ಅದೇ ಮೇಲುಗೈ ಆಗುತ್ತದೆ. ಇಟಿಸಿ, ಡೀಫಾಲ್ಟ್, ಗ್ರಬ್ ಫೈಲನ್ನು ಒಮ್ಮೆ ನೋಡಿ.

ಇವೆಲ್ಲ ಆದ ಮೇಲೆ ಮೊದಲು ಬರೀ ರೀಸ್ಟಾರ್ಟ್ ಮಾಡಿ. ಆ ಅರ್ಧ ನಿಮಿಷದ ಕಾಯುವಿಕೆ ಹೋಗಿರಬೇಕು. ಹೋಗಿದ್ದರೆ ಮಾತ್ರ ಹೈಬರ್ನೇಟ್ ಮಾಡಿ ನೋಡಿ. ಮೊದಲ ಸಲ ಮುಖ್ಯವಾದ ಫೈಲುಗಳನ್ನು ಸೇವ್ ಮಾಡಿಟ್ಟುಕೊಳ್ಳಿ.

ಹೊಸಪೇಟೆಬಿಸಿಲು

ಸರ್, ನನ್ನದು ಉಬುಂಟು. ಸ್ವಾಪ್ ಪಾರ್ಟಿಶನ್ನೇ ಇಲ್ಲ, ರೂಟ್‌ನಲ್ಲಿ 2 ಜಿಬಿಯ ಸ್ವಾಪ್‌ಫೈಲ್ ಇದೆ. ರ‍್ಯಾಮ್ 16. ಮೆನುವಿನಲ್ಲಿ ಹೈಬರ್ನೇಟ್ ಬಟನ್ನೇ ಕಾಣುವುದಿಲ್ಲ.

ಹಳೇಮದರ್‌ಬೋರ್ಡ್

ಬಟನ್ ಇಲ್ಲದಿರುವುದು ನಿಮ್ಮೊಬ್ಬರಿಗಲ್ಲ. ಉಬುಂಟು 12.04ರಿಂದಲೇ ಹೈಬರ್ನೇಟ್ ಮೆನುವಿನಲ್ಲಿ ಬರದ ಹಾಗೆ ಮಾಡಿದ್ದಾರೆ. 17.04ರಿಂದ ಹೊಸದಾಗಿ ಹಾಕಿದರೆ ಪಾರ್ಟಿಶನ್ ಬದಲು ಸ್ವಾಪ್‌ಫೈಲ್ ಬರುತ್ತದೆ.

2 ಜಿಬಿಯಲ್ಲಿ ಆಗುವುದಿಲ್ಲ. ಫೈಲನ್ನು ರ‍್ಯಾಮಿನಷ್ಟೇ ದೊಡ್ಡದು ಮಾಡಿ, ಆಗ ಚಿಂತೆ ಇಲ್ಲ. ಫೈಲ್ ಆದರೆ ವಿಳಾಸ ಎರಡು ಭಾಗದಲ್ಲಿ ಕೊಡಬೇಕು: ಆ ಫೈಲ್ ಇರುವ ಪಾರ್ಟಿಶನ್ನಿನ ಯುಯುಐಡಿ, ಮತ್ತೆ ಆ ಪಾರ್ಟಿಶನ್ನಿನೊಳಗೆ ಫೈಲ್ ಎಲ್ಲಿಂದ ಶುರುವಾಗುತ್ತದೆ ಎಂಬ ಸಂಖ್ಯೆ. ಎರಡನೆಯದಕ್ಕೆ ರೆಸ್ಯೂಮ್ ಅಂಡರ್‌ಸ್ಕೋರ್ ಆಫ್‌ಸೆಟ್ ಅನ್ನುತ್ತಾರೆ. ಫೈಲ್‌ಸಿಸ್ಟಮ್ ಇಎಕ್ಸ್‌ಟಿ4 ಆದರೆ ಸುಡೋ ಫೈಲ್‌ಫ್ರಾಗ್ ಹೈಫನ್ ವಿ ಹಾಕಿ, ಮೊದಲ ಸಾಲಿನ ಫಿಸಿಕಲ್ ಆಫ್‌ಸೆಟ್‌ನ ಮೊದಲ ಸಂಖ್ಯೆ ತೆಗೆದುಕೊಳ್ಳಿ. ಬಿಟಿಆರ್‌ಎಫ್‌ಎಸ್ ಎಂಬ ಇನ್ನೊಂದು ಫೈಲ್‌ಸಿಸ್ಟಮ್‌ನಲ್ಲಿ ಫೈಲ್‌ಫ್ರಾಗ್ ಕೊಡುವ ಸಂಖ್ಯೆ ಕೆಲಸಕ್ಕೆ ಬರುವುದಿಲ್ಲ, ಅದಕ್ಕೆ ಮ್ಯಾಪ್ ಹೈಫನ್ ಸ್ವಾಪ್‌ಫೈಲ್ ಎಂಬ ಬೇರೆ ಕಮಾಂಡ್ ಇದೆ. ಎರಡನ್ನೂ ಗ್ರಬ್ ಸಾಲಿನಲ್ಲಿ ಹಾಕಿ ಅಪ್‌ಡೇಟ್ ಗ್ರಬ್ ಮಾಡಿ. ಸ್ವಾಪ್‌ಫೈಲ್ ಅಳಿಸಿ ಮತ್ತೆ ಮಾಡಿದರೆ ಆಫ್‌ಸೆಟ್ ಬದಲಾಗುತ್ತದೆ, ಮತ್ತೆ ಹಾಕಬೇಕು.

ಇನ್ನೊಂದು. ಸೆಕ್ಯೂರ್ ಬೂಟ್ (ಸಹಿ ಇರುವ ಓಎಸ್ ಮಾತ್ರ ಬೂಟ್ ಆಗಲು ಬಿಡುವ ಸೆಟ್ಟಿಂಗ್) ಆನ್ ಇದ್ದರೆ ಕರ್ನಲ್ ಲಾಕ್‌ಡೌನ್ ಎಂಬ ಬಿಗಿ ನಿರ್ಬಂಧದಲ್ಲಿ ಇರುತ್ತದೆ, ಹೈಬರ್ನೇಟ್‌ಗೆ ಬಿಡುವುದಿಲ್ಲ. ಸಿಸ್, ಪವರ್, ಸ್ಟೇಟ್ ಎಂಬ ಫೈಲಿನಲ್ಲಿ ಡಿಸ್ಕ್ ಎಂಬ ಪದ ಇದೆಯಾ ನೋಡಿ. ಇಲ್ಲದಿದ್ದರೆ ಮೊದಲು ಅದನ್ನು ನೋಡಿಕೊಳ್ಳಿ, ಉಳಿದದ್ದು ಆಮೇಲೆ.

ಇರುಳುಪಾಳಿ

ಸ್ವಾಪ್ ಎನ್‌ಕ್ರಿಪ್ಟ್ ಮಾಡಿದವರಿಗೂ ಒಂದು ಮಾತು. ಕೆಲವು ಕಡೆ ಸ್ವಾಪ್‌ಗೆ ಪ್ರತಿ ಬೂಟ್‌ನಲ್ಲೂ ಹೊಸ ಯಾದೃಚ್ಛಿಕ ಕೀ ಹಾಕುವ ವ್ಯವಸ್ಥೆ ಇರುತ್ತದೆ. ಸುರಕ್ಷತೆಗೆ ಅದು ಒಳ್ಳೆಯದು, ಹೈಬರ್ನೇಟ್ ಮಾತ್ರ ಆಗುವುದೇ ಇಲ್ಲ. ನಿನ್ನೆಯ ಕೀ ಇವತ್ತು ಇಲ್ಲ, ಇಮೇಜ್ ಓದುವುದು ಹೇಗೆ? ಹೈಬರ್ನೇಟ್ ಬೇಕಿದ್ದರೆ ಪಾಸ್‌ವರ್ಡ್ ಕೇಳುವ ಲಕ್ಸ್ (ಲಿನಕ್ಸ್‌ನ ಡಿಸ್ಕ್ ಎನ್‌ಕ್ರಿಪ್ಶನ್) ಒಳಗೆ ಸ್ವಾಪ್ ಇಡಿ. ಏನೂ ಎನ್‌ಕ್ರಿಪ್ಟ್ ಮಾಡದೆ ಇದ್ದರೆ ನಿಮ್ಮ ರ‍್ಯಾಮಿನಲ್ಲಿದ್ದ ಪಾಸ್‌ವರ್ಡ್‌ಗಳೂ ಡಿಸ್ಕಿನಲ್ಲಿ ಕೂತಿರುತ್ತವೆ. ಲ್ಯಾಪ್‌ಟಾಪ್ ಹಿಡಿದು ಓಡಾಡುವವರು ಇದನ್ನು ಯೋಚಿಸಬೇಕು.

ಮಲೆನಾಡಮಳೆ

ಬಂತು! ರೀಸ್ಟಾರ್ಟ್ ಮಾಡಿದಾಗ ಆ ಅರ್ಧ ನಿಮಿಷ ಇರಲಿಲ್ಲ. ಹೈಬರ್ನೇಟ್ ಮಾಡಿ ಆನ್ ಮಾಡಿದೆ. ಪರದೆಯಲ್ಲಿ ಇಮೇಜ್ ಲೋಡಿಂಗ್ ಪ್ರೋಗ್ರೆಸ್ ಅಂತ ಹತ್ತು, ಇಪ್ಪತ್ತು ಏರುತ್ತಾ ಹೋಯಿತು. ಎರಡೂ ಪಿಡಿಎಫ್ ಬಿಟ್ಟ ಪುಟದಲ್ಲೇ ಇವೆ. ಕರ್ಸರ್ ಕೂಡ ತಿದ್ದುತ್ತಿದ್ದ ಪದದ ಮೇಲೆಯೇ ಇದೆ. ಮೇಷ್ಟ್ರೇ, ನಿಮಗೆ ತುಂಬಾ ಥ್ಯಾಂಕ್ಸ್.

ಆದರೆ ವೈಫೈ ಇಲ್ಲ. ನೆಟ್‌ವರ್ಕ್ ಪಟ್ಟಿಯೇ ಖಾಲಿ. ರೀಸ್ಟಾರ್ಟ್ ಮಾಡಿದರೆ ಬರುತ್ತದೆ, ಹೈಬರ್ನೇಟ್‌ನಿಂದ ಎದ್ದಾಗ ಮಾತ್ರ ಹೀಗೆ.

ಟರ್ಮಿನಲ್‌ಮೇಷ್ಟ್ರು

ಅದು ಡ್ರೈವರ್ ವಿಷಯ, ಇಮೇಜ್‌ಗೂ ಅದಕ್ಕೂ ಸಂಬಂಧ ಇಲ್ಲ. ಆಫ್ ಆಗಿ ಎದ್ದ ಮೇಲೆ ವೈಫೈ ಚಿಪ್ ಹೊಸದಾಗಿ ಶುರುವಾಗಿದೆ, ಡ್ರೈವರ್ ಮಾತ್ರ ತಾನು ಹಳೆಯ ಸ್ಥಿತಿಯಲ್ಲೇ ಇದ್ದೇನೆ ಅಂದುಕೊಂಡಿದೆ.

ಎಲ್‌ಎಸ್‌ಪಿಸಿಐ ಹೈಫನ್ ಕೆ ಹಾಕಿ. ವೈಫೈ ಸಾಲಿನ ಕೆಳಗೆ ಕರ್ನಲ್ ಡ್ರೈವರ್ ಇನ್ ಯೂಸ್ ಅಂತ ಒಂದು ಹೆಸರು ಇರುತ್ತದೆ. ವೈಫೈ ಸತ್ತಿರುವಾಗಲೇ ಸುಡೋ ಮಾಡ್‌ಪ್ರೋಬ್ ಹೈಫನ್ ಆರ್, ಆ ಹೆಸರು. ಆಮೇಲೆ ಹೈಫನ್ ಆರ್ ಇಲ್ಲದೆ ಮತ್ತೆ ಅದೇ. ವೈಫೈ ಬಂದರೆ ಕಾರಣ ಖಚಿತ.

ಬಂದರೆ ಇದನ್ನು ತಾನಾಗಿ ಆಗುವ ಹಾಗೆ ಮಾಡಬಹುದು. ಯುಎಸ್‌ಆರ್, ಲಿಬ್, ಸಿಸ್ಟಮ್‌ಡಿ, ಸಿಸ್ಟಮ್ ಹೈಫನ್ ಸ್ಲೀಪ್ ಎಂಬ ಫೋಲ್ಡರಿನಲ್ಲಿ ಒಂದು ಪುಟ್ಟ ಶೆಲ್ ಸ್ಕ್ರಿಪ್ಟ್ ಇಡಬೇಕು. ಮಲಗುವ ಮೊದಲು ಸಿಸ್ಟಮ್‌ಡಿ (ಲಿನಕ್ಸ್‌ನ ಸರ್ವಿಸ್‌ಗಳನ್ನು ನಡೆಸುವ ವ್ಯವಸ್ಥೆ) ಅದನ್ನು ಪ್ರೀ ಎಂಬ ಪದ ಕೊಟ್ಟು ಕರೆಯುತ್ತದೆ, ಎದ್ದ ಮೇಲೆ ಪೋಸ್ಟ್ ಅಂತ ಕರೆಯುತ್ತದೆ. ಪ್ರೀ ಬಂದಾಗ ಡ್ರೈವರ್ ತೆಗೆಯುವ ಸಾಲು, ಪೋಸ್ಟ್ ಬಂದಾಗ ಹಾಕುವ ಸಾಲು. ಫೈಲಿಗೆ ಎಕ್ಸಿಕ್ಯೂಟ್ ಅನುಮತಿ ಕೊಡಿ, ಇಲ್ಲದಿದ್ದರೆ ಅದು ಓಡುವುದೇ ಇಲ್ಲ.

ಹೊಸಪೇಟೆಬಿಸಿಲು

ನನ್ನದು ಈಗ ಹೈಬರ್ನೇಟ್ ಆಗುತ್ತದೆ ಸರ್, ಇಮೇಜ್ ಲೋಡೂ ಆಗುತ್ತದೆ. ಆಮೇಲೆ ಪರದೆ ಕಪ್ಪು. ಬೇರೆ ಗ್ರಾಫಿಕ್ಸ್ ಕಾರ್ಡ್ ಇದೆ.

ಹಳೇಮದರ್‌ಬೋರ್ಡ್

ಇಮೇಜ್ ಪೂರ್ತಿ ಲೋಡ್ ಆದ ಮೇಲೆ ನಿಂತರೆ ಹೆಚ್ಚಾಗಿ ಡ್ರೈವರ್. ಎನ್‌ವಿಡಿಯಾದ ಸ್ವಂತ ಡ್ರೈವರ್ ಬಳಸುತ್ತಿದ್ದರೆ ಎನ್‌ವಿಡಿಯಾ ಹೈಫನ್ ಹೈಬರ್ನೇಟ್ ಮತ್ತು ಎನ್‌ವಿಡಿಯಾ ಹೈಫನ್ ರೆಸ್ಯೂಮ್ ಎಂಬ ಎರಡು ಸರ್ವಿಸ್ ಎನೇಬಲ್ ಆಗಿವೆಯಾ ನೋಡಿ. ಕಾರ್ಡಿನ ಮೆಮೊರಿಯನ್ನು ಉಳಿಸಿಕೊಳ್ಳುವ ಪ್ರಿಸರ್ವ್ ವಿಡಿಯೋ ಮೆಮೊರಿ ಅಲೊಕೇಶನ್ಸ್ ಎಂಬ ಆಪ್ಷನ್ 1 ಇರಬೇಕು. ಆ ಮೆಮೊರಿ ತಾತ್ಕಾಲಿಕ ಫೈಲಿಗೆ ಹೋಗುತ್ತದೆ. ಟೆಂಪ್ ಫೋಲ್ಡರ್ ರ‍್ಯಾಮಿನಲ್ಲಿದ್ದರೆ ಜಾಗ ಸಾಲದು, ವರ್ ಒಳಗಿನ ಟೆಂಪ್‌ಗೆ ದಾರಿ ಬದಲಿಸಿ.

ಆಗಲೂ ಬರದಿದ್ದರೆ ಸಿಸ್, ಪವರ್, ಪಿಎಂ ಅಂಡರ್‌ಸ್ಕೋರ್ ಟೆಸ್ಟ್ ಎಂಬ ಫೈಲ್ ಇದೆಯಾ ನೋಡಿ. ಅದಕ್ಕೆ ಫ್ರೀಜರ್ ಅಂತ ಬರೆದು ಹೈಬರ್ನೇಟ್ ಮಾಡಿದರೆ ಅಷ್ಟು ಹಂತ ಮಾತ್ರ ಮಾಡಿ, ಐದು ಸೆಕೆಂಡು ನಿಂತು ವಾಪಸ್ ಬರುತ್ತದೆ. ಆಮೇಲೆ ಡಿವೈಸಸ್, ಪ್ಲಾಟ್‌ಫಾರ್ಮ್, ಪ್ರೊಸೆಸರ್ಸ್, ಕೋರ್. ಯಾವ ಹಂತದಲ್ಲಿ ನಿಲ್ಲುತ್ತದೋ ಅಲ್ಲಿ ತೊಂದರೆ. ಡಿವೈಸಸ್‌ನಲ್ಲಿ ನಿಂತರೆ ಒಂದೊಂದೇ ಡ್ರೈವರ್ ತೆಗೆದು ನೋಡಬೇಕು. ಪರೀಕ್ಷೆ ಮುಗಿದ ಮೇಲೆ ಅದೇ ಫೈಲಿಗೆ ನನ್ (ಎನ್ ಒ ಎನ್ ಇ) ಅಂತ ಬರೆಯುವುದು ಮರೆಯಬೇಡಿ. ಇದಕ್ಕೆ ಹೊಸದಾಗಿ ಒಂದು ಪ್ರಶ್ನೆ ತೆರೆಯಿರಿ, ಲಾಗ್ ಸಮೇತ ಅಲ್ಲೇ ನೋಡೋಣ.

ಮಲೆನಾಡಮಳೆ

ಡ್ರೈವರ್ ತೆಗೆದು ಹಾಕಿದ ಕೂಡಲೇ ವೈಫೈ ಬಂತು. ಸ್ಕ್ರಿಪ್ಟೂ ಹಾಕಿದೆ, ಈಗ ಎದ್ದ ಕೂಡಲೇ ತಾನೇ ಸೇರಿಕೊಳ್ಳುತ್ತದೆ.

ಒಂದು ಸಂದೇಹ ಉಳಿದಿದೆ. ಕರೆಂಟ್ ಹೋದಾಗ ನಾನು ಎದುರಿಗಿದ್ದರೆ ಸರಿ. ಅಡುಗೆಮನೆಯಲ್ಲೋ ತೋಟದಲ್ಲೋ ಇದ್ದರೆ ಹತ್ತು ನಿಮಿಷದಲ್ಲಿ ಬ್ಯಾಟರಿ ಮುಗಿದಿರುತ್ತದೆ. ಅದಕ್ಕೇನಾದರೂ ದಾರಿ ಇದೆಯಾ?

ಟರ್ಮಿನಲ್‌ಮೇಷ್ಟ್ರು

ಇದೆ. ನಿಮಗೆ ಬೇಕಿರುವುದು ಹೈಬ್ರಿಡ್ ಸ್ಲೀಪ್. ಅದು ಇಮೇಜನ್ನು ಡಿಸ್ಕಿಗೆ ಬರೆಯುತ್ತದೆ, ಆದರೆ ಆಫ್ ಆಗದೆ ಸ್ಲೀಪ್‌ಗೆ ಹೋಗುತ್ತದೆ. ಕರೆಂಟ್ ಇದ್ದರೆ ಮುಚ್ಚಳ ತೆಗೆದ ಕೂಡಲೇ ಎದ್ದುಬಿಡುತ್ತದೆ. ಬ್ಯಾಟರಿ ಮುಗಿದು ಪೂರ್ತಿ ಆರಿಹೋದರೂ ಡಿಸ್ಕಿನಲ್ಲಿ ಇಮೇಜ್ ಇದೆ, ಆನ್ ಮಾಡಿದಾಗ ಹೈಬರ್ನೇಟ್‌ನಂತೆಯೇ ವಾಪಸ್ ಬರುತ್ತದೆ. ಮೇಜಿನಿಂದ ಏಳುವಾಗ ಮುಚ್ಚಳ ಮುಚ್ಚಿ ಹೋಗುವ ಅಭ್ಯಾಸ ಮಾಡಿಕೊಂಡರೆ ಸಾಕು.

ಮೊದಲು ಸಿಸ್ಟಮ್‌ಸಿಟಿಎಲ್ ಹೈಬ್ರಿಡ್ ಹೈಫನ್ ಸ್ಲೀಪ್ ಹಾಕಿ ನೋಡಿ. ಮಲಗಿದ ಮೇಲೆ ಚಾರ್ಜರ್ ಕಿತ್ತು, ಬ್ಯಾಟರಿ ಖಾಲಿ ಆಗಲು ಬಿಟ್ಟು, ಆಮೇಲೆ ಆನ್ ಮಾಡಿ. ಸರಿ ಬಂದರೆ ಇಟಿಸಿ, ಸಿಸ್ಟಮ್‌ಡಿ, ಲಾಗಿನ್‌ಡಿ ಡಾಟ್ ಕಾನ್ಫ್ ಫೈಲಿನಲ್ಲಿ ಹ್ಯಾಂಡಲ್ ಲಿಡ್ ಸ್ವಿಚ್ ಸಾಲಿಗೆ ಹೈಬ್ರಿಡ್ ಹೈಫನ್ ಸ್ಲೀಪ್ ಕೊಡಿ, ಸಾಲಿನ ಮುಂದಿನ ಹ್ಯಾಶ್ ತೆಗೆಯಿರಿ. ರೀಸ್ಟಾರ್ಟ್ ಮಾಡಿ. ನಿಮ್ಮ ಡೆಸ್ಕ್‌ಟಾಪ್‌ನ ಪವರ್ ಮ್ಯಾನೇಜರ್ ಮುಚ್ಚಳದ ಕೆಲಸವನ್ನು ತಾನೇ ಹಿಡಿದಿಟ್ಟುಕೊಂಡಿರಬಹುದು. ಹಾಗಿದ್ದರೆ ಈ ಸಾಲಿಗೆ ಬೆಲೆ ಇರುವುದಿಲ್ಲ, ಅದರ ಸೆಟ್ಟಿಂಗ್‌ನಲ್ಲಿ ಮುಚ್ಚಳದ ಆಯ್ಕೆಯನ್ನು ಆಫ್ ಮಾಡಬೇಕು.

ಕರ್ನಲ್ ಅಪ್‌ಡೇಟ್ ಬಂದ ದಿನ ಒಮ್ಮೆ ರೀಸ್ಟಾರ್ಟ್ ಮಾಡಿ ಆಮೇಲೆ ಮಲಗಿಸಿ. ಮಲಗಿರುವಾಗ ರ‍್ಯಾಮ್ ಬದಲಿಸುವುದು, ಬಯಾಸ್ ಸೆಟ್ಟಿಂಗ್ ಮುಟ್ಟುವುದು ಬೇಡ. ಎದ್ದಾಗ ಕರ್ನಲ್ ಮೆಮೊರಿಯ ನಕ್ಷೆ ಹೋಲಿಸಿ ನೋಡುತ್ತದೆ, ಹೊಂದದಿದ್ದರೆ ಆ ಇಮೇಜ್ ಕೆಲಸಕ್ಕೆ ಬರುವುದಿಲ್ಲ.

ಮಲೆನಾಡಮಳೆ

ಬ್ಯಾಟರಿ ಖಾಲಿ ಮಾಡಿ ನೋಡಿದೆ, ಎಲ್ಲ ವಾಪಸ್ ಬಂತು. ಪವರ್ ಮ್ಯಾನೇಜರ್‌ನ ಮುಚ್ಚಳದ ಆಯ್ಕೆಯೂ ಆಫ್ ಮಾಡಿದೆ, ಈಗ ಮುಚ್ಚಿದರೆ ಹೈಬ್ರಿಡ್ ಸ್ಲೀಪ್ ಆಗುತ್ತಿದೆ. ನನ್ನ ಮಟ್ಟಿಗೆ ಪ್ರಶ್ನೆ ಬಗೆಹರಿಯಿತು. ಹೊಸಪೇಟೆಯವರು ಬೇರೆ ಪ್ರಶ್ನೆ ತೆರೆದರೆ ಅದರ ಕೊಂಡಿಯನ್ನು ಇಲ್ಲೂ ಹಾಕಿ, ಇಂಥದ್ದೇ ಹುಡುಕಿ ಬರುವವರಿಗೆ ಅನುಕೂಲ.